ಜಿ-ಮಿನ್ ಅಂದರೆ ಏನು? ಕೊರಿಯಾದ ಹೆಣ್ಣುಮಕ್ಕಳ ಹೆಸರುಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ ಈಗ ಎಂಟು ತಿಂಗಳು. ಅವಳೂ ಅವಳ ಗಂಡನೂ ಕೊರಿಯನ್ ಸೀರಿಯಲ್ ಅಂದರೆ ಊಟ ಬಿಟ್ಟು ಕೂರುವವರು. ಹೆಣ್ಣು ಮಗುವಾದರೆ ಕೊರಿಯನ್ ಹೆಸರೇ ಇಡಬೇಕು ಅಂತ ಇಬ್ಬರದೂ ಹಠ. ಜಿ-ಮಿನ್, ಸೊ-ಯೊನ್, ಯುನಾ, ಸುಲ್ಗಿ, ಸೋರಾ, ನಾರಿ ಅಂತ ಒಂದು ಪಟ್ಟಿಯೂ ಆಗಿದೆ. ಅರ್ಥ ಹುಡುಕಿದರೆ ಇಂಟರ್ನೆಟ್‌ನಲ್ಲಿ ಒಂದೊಂದು ಕಡೆ ಒಂದೊಂದು ಥರ ಇದೆ. ಜಿಮಿನ್ ಹುಡುಗರ ಹೆಸರಲ್ವಾ ಅಂತ ನನ್ನ ಮಗ ಕೇಳ್ತಾನೆ. ನಮ್ಮಮ್ಮ, ಅಂದರೆ ಹುಟ್ಟೋ ಮಗುವಿನ ಮುತ್ತಜ್ಜಿ, "ಅರ್ಥ ಗೊತ್ತಿಲ್ಲದ ಹೆಸರು ಇಡಬೇಡಿ" ಅಂತ ಪಟ್ಟು ಹಿಡಿದಿದ್ದಾರೆ. ದಯವಿಟ್ಟು ಬಿಡಿಸಿ ಹೇಳಿ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮಮ್ಮ ಕೇಳುತ್ತಿರುವುದು ತುಂಬಾ ಸರಿಯಾದ ಮಾತು. ಕೊರಿಯಾದ ಅಜ್ಜಿಯರೂ ಮೊದಲು ಕೇಳುವುದು ಇದನ್ನೇ. ಆದರೆ ಅವರು ಕೇಳುವ ರೀತಿ ಸ್ವಲ್ಪ ಬೇರೆ. "ಹೆಸರಿನ ಅರ್ಥ ಏನು?" ಅನ್ನುವ ಮೊದಲು "ಯಾವ ಅಕ್ಷರ?" ಅನ್ನುತ್ತಾರೆ. ನಿಮಗೆ ಆಗಿರುವ ಗೊಂದಲವೆಲ್ಲ ಈ ಒಂದು ಪ್ರಶ್ನೆಯಲ್ಲಿ ಬಿಡಿಸಿಕೊಳ್ಳುತ್ತದೆ.

ನಮ್ಮ ಮಾತಿನಿಂದಲೇ ಶುರು ಮಾಡೋಣ. "ಹರಿ" ಅಂದರೆ ವಿಷ್ಣು. ನೀರು ಹರಿಯುವುದೂ ಹರಿಯೇ, ಬಟ್ಟೆ ಹರಿಯುವುದೂ ಹರಿಯೇ. ಮೂರನ್ನೂ ಒಂದೇ ಥರ ಬರೆಯುತ್ತೇವೆ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕೊರಿಯನ್ ಹೆಸರಿನ ಒಂದೊಂದು ಉಚ್ಚಾರವೂ ಹೀಗೇ. ಹೆಸರನ್ನು ದಿನಾ ಬರೆಯುವುದು ಹಂಗುಲ್ ಲಿಪಿಯಲ್ಲಿ. ಸೇಜೋಂಗ್ ರಾಜ 1446ರಲ್ಲಿ ಹೊರಡಿಸಿದ ಲಿಪಿ ಅದು. ನಮ್ಮ ಲಿಪಿಯ ಹಾಗೆ ಸದ್ದನ್ನು ಬರೆಯುವ ಲಿಪಿ. ಆದರೆ ಬಹಳಷ್ಟು ಹೆಸರುಗಳ ಹಿಂದೆ ಚೀನೀ ಮೂಲದ ಅಕ್ಷರಗಳಿವೆ. ಅವನ್ನು ಹಾಂಜಾ ಅನ್ನುತ್ತಾರೆ. ಅರ್ಥ ಕೂತಿರುವುದು ಈ ಹಾಂಜಾದಲ್ಲಿ.

"ಜಿ" ತಗೊಳ್ಳಿ. ಒಂದು ಜಿ ಅಂದರೆ ವಿವೇಕ. ಇನ್ನೊಂದು ಜಿ ಅಂದರೆ ತಿಳಿಯುವುದು. ಮತ್ತೊಂದು ಸಂಕಲ್ಪ, ಮಗದೊಂದು ಮರದ ಕೊಂಬೆ. "ಮಿನ್" ಕೂಡ ಹಾಗೇ: ಚುರುಕು ಅನ್ನುವ ಮಿನ್ ಇದೆ, ಹರಳುಕಲ್ಲಿನ ಮಿನ್ ಇದೆ, ಜನ ಅನ್ನುವ ಮಿನ್ ಇದೆ. ಹಾಗಾದರೆ ಜಿ-ಮಿನ್ ಅಂದರೆ ಏನು? ಅದು ಆ ಹುಡುಗಿಯ ಅಪ್ಪ ಅಮ್ಮನಿಗೆ ಗೊತ್ತು. ಬರೀ ಸದ್ದು ಕೇಳಿ ಯಾರೂ ಹೇಳಲಾರರು, ಕೊರಿಯಾದವರೂ ಸಹ. ನೀವು ನೋಡಿದ ಒಂದೊಂದು ವೆಬ್‌ಸೈಟೂ ಒಂದೊಂದು ಜೋಡಿ ಅಕ್ಷರ ಹಿಡಿದು, ಅದೇ ಅರ್ಥ ಅಂತ ಬರೆದಿದೆ.

ಕೊರಿಯಾದ ಗಾಯಕಿ ಐಯು ಅವರ ಹುಟ್ಟುಹೆಸರು ಲೀ ಜಿ-ಉನ್. ಅವರ ಜಿ "ತಿಳಿ" ಅನ್ನುವ ಅಕ್ಷರ, ಉನ್ ಅಂದರೆ ಉಪಕಾರ, ಕೃಪೆ. ಬ್ಲಾಕ್‌ಪಿಂಕ್ ತಂಡದ ಕಿಮ್ ಜಿ-ಸೂ ಅವರ ಜಿ ಬೇರೆ, ಅದು ವಿವೇಕದ ಜಿ. ಕೇಳುವುದಕ್ಕೆ ಎರಡೂ ಒಂದೇ.

ಈ ಅಕ್ಷರಗಳನ್ನು ಮನಸ್ಸಿಗೆ ಬಂದ ಹಾಗೆ ಆರಿಸುವಂತಿಲ್ಲ. ಹೆಸರಿಗೆ ಬಳಸಬಹುದಾದ ಹಾಂಜಾಗಳ ಪಟ್ಟಿಯನ್ನು ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟೇ ಇಟ್ಟುಕೊಂಡಿದೆ. ಅದರಲ್ಲಿ 8,000ಕ್ಕೂ ಜಾಸ್ತಿ ಅಕ್ಷರಗಳಿವೆ. ಮಗು ಹುಟ್ಟಿ ಒಂದು ತಿಂಗಳೊಳಗೆ ಹೆಸರು ನೋಂದಾಯಿಸಬೇಕು. ಅಲ್ಲಿಯವರೆಗೆ ಮಗುವಿಗೆ ಹೊಟ್ಟೆಯಲ್ಲಿದ್ದಾಗಿನ ಮುದ್ದಿನ ಹೆಸರೇ ನಡೆಯುತ್ತದೆ, ಅದಕ್ಕೆ ತೆಮ್ಯೊಂಗ್ ಅನ್ನುತ್ತಾರೆ. "ಗಟ್ಟಿಮುಟ್ಟು" ಅಂತಲೋ "ಕನಸು" ಅಂತಲೋ ಬಸುರಿನ ಮಗುವನ್ನು ಕರೆಯುತ್ತಿರುತ್ತಾರೆ. ಎಷ್ಟೋ ಮನೆಗಳಲ್ಲಿ ಹೆಸರಿಗಾಗಿ ಜಾಕ್‌ಮ್ಯೊಂಗ್ಸೋ ಅನ್ನುವ ಅಂಗಡಿಗೆ ಹೋಗುತ್ತಾರೆ, ಅಂದರೆ ಹೆಸರು ಕಟ್ಟಿಕೊಡುವ ಜಾಗ. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ಬರೆದುಕೊಂಡು, ಯಾವ ಧಾತು ಕಡಿಮೆ ಇದೆ ಅಂತ ನೋಡುತ್ತಾರೆ. ಮರ, ಬೆಂಕಿ, ಮಣ್ಣು, ಲೋಹ, ನೀರು ಅಂತ ಐದು ಧಾತು. ನೀರು ಕಡಿಮೆ ಇದ್ದರೆ ನೀರಿನ ಅಕ್ಷರ ಸೇರಿಸುತ್ತಾರೆ, ಅಕ್ಷರದ ಗೆರೆ ಕೂಡ ಎಣಿಸುತ್ತಾರೆ. ಜಾತಕ ನೋಡಿ "ಈ ಅಕ್ಷರದಿಂದ ಶುರುವಾಗೋ ಹೆಸರಿಡಿ" ಅಂತ ಬರೆದುಕೊಡುವ ನಮ್ಮ ಜೋಯಿಸರನ್ನು ನೋಡಿದವರಿಗೆ ಇದು ಹೊಸದಲ್ಲ.

ಜಿಮಿನ್ ಹುಡುಗರ ಹೆಸರಾ ಅನ್ನುವುದು ನಿಮ್ಮ ಮಗನ ಪ್ರಶ್ನೆ. ಹೌದು, ಹುಡುಗಿಯರ ಹೆಸರೂ ಹೌದು. ಬಿಟಿಎಸ್ ಗಾಯಕರ ತಂಡದ ಜಿಮಿನ್ ಹುಡುಗ. ಆದರೆ 2000ದ ನಂತರ ಕೊರಿಯಾದಲ್ಲಿ ಹೆಣ್ಣುಮಕ್ಕಳಿಗೂ ಜಿ-ಮಿನ್ ಅಂತ ಬಹಳ ಇಟ್ಟಿದ್ದಾರೆ. ನಮ್ಮಲ್ಲಿ ಆಕಾರ, ಈಕಾರ ಬಂದರೆ ಹೆಣ್ಣು ಅಂತ ಗುರುತಿಸುತ್ತೇವೆ. ಕೊರಿಯನ್‌ನಲ್ಲಿ ಅಂಥ ಗುರುತಿಲ್ಲ. ರೂಢಿ ಇದೆ ಅಷ್ಟೆ. ಸುಕ್, ಮಿ, ಸುನ್, ಓಕ್, ರಾನ್, ಹ್ಯಾಂಗ್, ಹ್ಯೆ ಬಂದರೆ ಸಾಮಾನ್ಯವಾಗಿ ಹೆಣ್ಣು. ಅಲ್ಲಿಯೂ ಅಕ್ಷರ ನೋಡಬೇಕು. ಹಳೆಯ ಪಠ್ಯಪುಸ್ತಕಗಳಲ್ಲಿ ಹುಡುಗಿ ಅಂದರೆ ಯೊಂಗ್-ಹೀ, ಹುಡುಗ ಅಂದರೆ ಚೊಲ್-ಸು. ಸ್ಕ್ವಿಡ್ ಗೇಮ್ ಸೀರಿಯಲ್‌ನಲ್ಲಿ ತಿರುಗಿ ನೋಡುವ ಆ ದೊಡ್ಡ ಗೊಂಬೆಯ ಹೆಸರೂ ಯೊಂಗ್-ಹೀ. ಹೆಣ್ಣುಮಕ್ಕಳ ಹೆಸರಿನಲ್ಲಿ ಹೀ ಬಂದರೆ ಹೆಚ್ಚಾಗಿ ಅದರೊಳಗೆ ಹೆಣ್ಣು ಅನ್ನುವ ಗುರುತೇ ಇರುವ ಅಕ್ಷರ ಬಳಸುತ್ತಾರೆ. ಅಧ್ಯಕ್ಷರಾಗಿದ್ದ ಪಾರ್ಕ್ ಜೊಂಗ್-ಹೀ ಗಂಡಸು. ಅವರ ಹೀ ಬೇರೆ ಅಕ್ಷರ, ಬೆಳಕು ಅಂತ ಅರ್ಥ.

ಈಗ ನನ್ನ ಮನಸ್ಸಿಗೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಒಂದು ಹೆಣ್ಣು ಹೆಸರು ಕೇಳಿದರೆ ಆಕೆ ಸುಮಾರು ಯಾವ ಕಾಲದಲ್ಲಿ ಹುಟ್ಟಿದವರು, ಆ ಮನೆ ಮಗಳಿಂದ ಏನು ಬಯಸಿತ್ತು ಅನ್ನುವುದು ಕೊರಿಯಾದಲ್ಲಿ ಬಹಳ ಮಟ್ಟಿಗೆ ತಿಳಿಯುತ್ತದೆ. ಮಗುವಿಗೆ ಹೆಸರು ಆರಿಸುವಾಗ ನಿಮಗೆ ಇದು ಬೇಕಾಗುತ್ತದೆ.

ತುಂಬಾ ಹಿಂದಿನ ರಾಣಿಯರ ಹೆಸರು ನಮಗೆ ಗೊತ್ತು. ಸಿಲ್ಲಾ ರಾಜ್ಯದಲ್ಲಿ 632ರಲ್ಲಿ ಪಟ್ಟಕ್ಕೆ ಬಂದ ಸೊಂದೊಕ್ ರಾಣಿಯ ಹುಟ್ಟುಹೆಸರು ದೊಕ್‌ಮಾನ್. ಬೌದ್ಧ ಧರ್ಮ ಉಚ್ಛ್ರಾಯದಲ್ಲಿದ್ದ ಕಾಲ ಅದು. ಆಕೆಯ ಅಪ್ಪನ ಹೆಸರು ಬುದ್ಧನ ತಂದೆ ಶುದ್ಧೋದನನದೇ, ಕೊರಿಯನ್ ರೂಪದಲ್ಲಿ. ಅಮ್ಮನ ಹೆಸರು ಮಾಯಾ. ಸೊಂದೊಕ್ ನಂತರ ಪಟ್ಟಕ್ಕೆ ಬಂದ ಜಿಂದೊಕ್ ರಾಣಿಯ ಹೆಸರು ಸುಂಗ್‌ಮಾನ್. ಬೌದ್ಧ ಸೂತ್ರದಲ್ಲಿ ಬರುವ ನಮ್ಮ ಶ್ರೀಮಾಲಾ ರಾಣಿಯ ಹೆಸರೇ ಚೀನೀ ಅಕ್ಷರದಲ್ಲಿ ಹೀಗಾಗಿದೆ. ನೀವು ಭಾರತದ ಮನೆಯಲ್ಲಿ ಕೊರಿಯನ್ ಹೆಸರು ಹುಡುಕುತ್ತಿದ್ದೀರಿ. ಸುಮಾರು 1,400 ವರ್ಷದ ಹಿಂದೆ ಕೊರಿಯಾದ ಅರಮನೆಯವರು ಭಾರತದ ಹೆಸರು ಹುಡುಕುತ್ತಿದ್ದರು. 13ನೇ ಶತಮಾನದ ಸಾಮ್‌ಗುಕ್ ಯೂಸಾ ಗ್ರಂಥದಲ್ಲಿ ಇನ್ನೊಂದು ಐತಿಹ್ಯವಿದೆ: ಅಯುತಾ ಅನ್ನುವ ನಾಡಿನ ರಾಜಕುಮಾರಿ ಕ್ರಿ.ಶ. 48ರಲ್ಲಿ ಹಡಗಿನಲ್ಲಿ ಬಂದು ಗಾಯಾ ರಾಜ್ಯದ ಸುರೋ ರಾಜನನ್ನು ಮದುವೆಯಾದಳಂತೆ. ಆಕೆಯ ಹೆಸರು ಹೊ ಹ್ವಾಂಗ್-ಓಕ್. ಹ್ವಾಂಗ್ ಅಂದರೆ ಹಳದಿ, ಓಕ್ ಅಂದರೆ ಜೇಡ್ ಹರಳು. ಇದೇ ಓಕ್ ಮುಂದೆ ಸಾವಿರಾರು ಹೆಣ್ಣುಮಕ್ಕಳ ಹೆಸರಿನಲ್ಲಿ ಬಂತು.

ಜೊಸೊನ್ ಕಾಲಕ್ಕೆ ಬಂದರೆ ಎಲ್ಲ ಬದಲಾಗುತ್ತದೆ. 1392ರಿಂದ ಐನೂರು ವರ್ಷ ನಡೆದ ಆ ಆಳ್ವಿಕೆಯಲ್ಲಿ ಬಹುಪಾಲು ಹೆಂಗಸರ ಹೆಸರು ದಾಖಲೆಗೇ ಬರಲಿಲ್ಲ. ವಂಶಾವಳಿಯಲ್ಲಿ ಇಂಥವರ ಮಗಳು, ಇಂಥವರ ಹೆಂಡತಿ, ಇಲ್ಲದಿದ್ದರೆ "ಕಿಮ್ ಮನೆತನದವಳು" ಅಂತ ಬರೆದು ಮುಗಿಸಿದರು. ಊರಲ್ಲಿ ತವರಿನ ಹೆಸರು ಹಿಡಿದು ಕರೆಯುತ್ತಿದ್ದರು. ಆಂದೊಂಗ್‌ನಿಂದ ಬಂದ ಸೊಸೆ ಆಂದೊಂಗ್-ದೇಕ್. ದಕ್ಷಿಣ ಕೊರಿಯಾದ 50,000 ವಾನ್ ನೋಟಿನ ಮೇಲೆ 2009ರಿಂದ ಶಿನ್ ಸಾಯಿಮ್‌ದಾಂಗ್ ಅವರ ಚಿತ್ರವಿದೆ. 1504ರಲ್ಲಿ ಹುಟ್ಟಿದ ಆ ದೊಡ್ಡ ಚಿತ್ರಕಾರ್ತಿಯ ಹೆಸರು ಅಂತ ಜನ ಹೇಳುವ ಸಾಯಿಮ್‌ದಾಂಗ್ ಕೂಡ ಹುಟ್ಟುಹೆಸರಲ್ಲ, ಅಂಕಿತನಾಮ. ಕವಯಿತ್ರಿ ಹೊ ನಾನ್‌ಸೊಲ್ಹೊನ್ ಅವರ ಹುಟ್ಟುಹೆಸರು ಚೊ-ಹೀ ಅನ್ನುವುದು ಉಳಿದುಬಂದಿದೆ. ಅಂಥ ಅದೃಷ್ಟ ಆಗಿನ ಕಾಲದಲ್ಲಿ ಬಹಳ ಕಡಿಮೆ ಹೆಂಗಸರಿಗಿತ್ತು.

1909ರಲ್ಲಿ ಜನಗಣತಿಯ ಥರದ ನೋಂದಣಿ ಕಾನೂನು ಬಂತು. ಆಗ ಹೆಂಗಸರಿಗೂ ದಾಖಲೆಯಲ್ಲಿ ಹೆಸರು ಬೇಕಾಯಿತು. ಮನೆಯಲ್ಲಿ ಕರೆಯುತ್ತಿದ್ದುದೇ ಎಷ್ಟೋ ಜನರಿಗೆ ಕಾಗದದ ಹೆಸರಾಯಿತು. ಗಾನ್‌ನಾನಿ ಅಂತ ಹೆಸರಿದ್ದ ಅಜ್ಜಿಯರಿದ್ದರು. ಈಗ ತಾನೇ ಹುಟ್ಟಿದ ಕೂಸು ಅಂತ ಅದರರ್ಥ. ಎಂಬತ್ತು ವರ್ಷದ ಅಜ್ಜಿಯನ್ನು ದಾಖಲೆಯಲ್ಲಿ "ಹಸುಗೂಸು" ಅಂತ ಕೂಗಿ ಕರೆಯುವುದನ್ನು ಯೋಚಿಸಿ.

ಜಪಾನ್ 1910ರಿಂದ 1945ರವರೆಗೆ ಕೊರಿಯಾವನ್ನು ಆಳಿತು. ಜಪಾನಿನ ಹೆಣ್ಣು ಹೆಸರುಗಳ ಕೊನೆಗೆ ಬರುವ "ಕೊ" ಅಕ್ಷರವನ್ನು ಕೊರಿಯನ್ನರು "ಜಾ" ಅಂತ ಓದುತ್ತಾರೆ. ಮಗು ಅಂತ ಅರ್ಥ. ಯೊಂಗ್-ಜಾ, ಸುನ್-ಜಾ, ಜೊಂಗ್-ಜಾ, ಓಕ್-ಜಾ ಎಲ್ಲ ಆ ಕಾಲದವು. ಸ್ವಾತಂತ್ರ್ಯ ಬಂದ 1945ರಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಯೊಂಗ್-ಜಾ. ಆಮೇಲೆ "ಸುಕ್" ಬಂತು, ಶೀಲವಂತೆ ಅಂತ. 1958ರಲ್ಲಿ ಯೊಂಗ್-ಸುಕ್ ಮೊದಲ ಸ್ಥಾನದಲ್ಲಿತ್ತು. 1968ಕ್ಕೆ ಮಿ-ಗ್ಯೊಂಗ್. ಮಿ ಅಂದರೆ ಚೆಲುವು. 1978ಕ್ಕೆ ಜಿ-ಯೊಂಗ್, 1988ಕ್ಕೆ ಜಿ-ಹ್ಯೆ. ಇಲ್ಲಿ ಜಿ, ಹ್ಯೆ ಎರಡಕ್ಕೂ ಸಾಮಾನ್ಯವಾಗಿ ಬಳಸುವ ಅಕ್ಷರ ಜಾಣತನ, ವಿವೇಕದ್ದು. ಸುನ್ ಅಂದರೆ ಹೇಳಿದ್ದು ಕೇಳುವವಳು, ಜೊಂಗ್ ಅಂದರೆ ಪತಿವ್ರತೆ ಅನ್ನುತ್ತಿದ್ದ ಜಾಗದಲ್ಲಿ ಮೂವತ್ತು ನಲವತ್ತು ವರ್ಷಕ್ಕೆ "ತಿಳಿದವಳು" ಬಂದು ಕೂತಳು. ಮಗಳ ಬಗ್ಗೆ ಒಂದು ದೇಶದ ಆಸೆ ಬದಲಾದದ್ದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾಖಲೆ ನಾನು ನೋಡಿಲ್ಲ. ಹೆಸರಿನಂತೆ ಮಗಳು ಆಗಲೇಬೇಕು ಅಂತೇನೂ ಇಲ್ಲ, ಬಿಡಿ. 1919ರ ಮಾರ್ಚ್ 1ರ ಚಳವಳಿಯಲ್ಲಿ ಜಪಾನೀ ಆಡಳಿತಕ್ಕೆ ಎದುರು ನಿಂತು, ಹದಿಹರೆಯದಲ್ಲೇ ಜೈಲಿನಲ್ಲಿ ಪ್ರಾಣ ಬಿಟ್ಟ ಯು ಗ್ವಾನ್-ಸುನ್ ಅವರ ಹೆಸರಿನಲ್ಲಿ ಇರುವುದೂ ಇದೇ ಸುನ್.

ದುಃಖದ ಹೆಸರುಗಳ ಬಗ್ಗೆಯೂ ಹೇಳಲೇಬೇಕು. ಬೆಂಗಳೂರಿನಲ್ಲಿ ಕೊರಿಯನ್ ಕಲಿಸಲು ಶುರು ಮಾಡುವ ಮುಂಚೆ ನಾನು ದೇಗು ನಗರದಲ್ಲಿ ಕೆಲವು ವರ್ಷ ಓದಿದೆ. ಬಾಡಿಗೆಗೆ ಇದ್ದ ಮನೆಯ ಅಜ್ಜಿಯ ಹೆಸರಿನ ಮೊದಲ ಅಕ್ಷರ "ಮಾಲ್". ಒಂದು ಚಳಿಗಾಲದ ಸಂಜೆ ಬಾರ್ಲಿ ಚಹಾ ಕುಡಿಯುತ್ತಾ ಕೂತಿದ್ದೆವು. ನಿಮ್ಮ ಹೆಸರಿನ ಅಕ್ಷರ ಯಾವುದು ಅಂತ ಕೇಳಿದೆ. ಅವರು ಬೆರಳನ್ನು ಚಹಾದಲ್ಲಿ ಅದ್ದಿ ಮೇಜಿನ ಮೇಲೆ ಬರೆದರು. ಮೊದಲು ಒಂದು ಉದ್ದನೆಯ ಅಡ್ಡಗೆರೆ. ಅದರ ಕೆಳಗೆ ಚಿಕ್ಕದೊಂದು. ಎರಡನ್ನೂ ಸೀಳಿಕೊಂಡು ಒಂದು ನೇರ ಗೆರೆ. ಕೊನೆಗೆ ಎರಡೂ ಕಡೆಗೆ ಓರೆ ಗೆರೆ. "ಕೆಳಗಿರೋದು ಮರ" ಅಂದರು. "ಮೇಲಿನ ಗೆರೆ ಅದರ ತುದಿ. ಮುಗೀತು ಅಂತ. ಇದೇ ಕೊನೆ ಹೆಣ್ಣಾಗಲಿ ಅಂತ ಇಟ್ಟರು. ನಾನು ನಾಲ್ಕನೆಯವಳು."

ತಮ್ಮ ಹುಟ್ಟಿದನಾ ಅಂತ ಕೇಳಿದೆ. "ಹುಟ್ಟಿದ. ಅದಕ್ಕೇ ನನ್ನದು ಒಳ್ಳೇ ಹೆಸರು ಅಂತ ಮನೇಲಿ ಹೇಳ್ತಿದ್ರು." ಅಷ್ಟು ಹೇಳಿ ಬಟ್ಟೆ ತಗೊಂಡು ಮೇಜು ಒರೆಸಿದರು.

ನಮ್ಮೂರಲ್ಲೂ ಸಾಕಮ್ಮ ಅಂತ ಹೆಸರಿದೆ ಅಂತ ನಾನು ಹೇಳಿದೆ. ಸಾಕು ಅಂದರೆ ಏನು ಅಂತ ಬಿಡಿಸಿ ಹೇಳಿದೆ. ನನ್ನ ಅಜ್ಜಿಯ ತಂಗಿಯ ಹೆಸರದು. ಅವರು "ಸಾಕಮ್ಮ, ಸಾಕಮ್ಮ" ಅಂತ ಎರಡು ಮೂರು ಸಲ ಬಾಯಲ್ಲಿ ಹೇಳಿಕೊಂಡರು. ಆ ರಾತ್ರಿ ಊಟಕ್ಕೆ ನನ್ನ ತಟ್ಟೆಗೆ ಮೀನು ಎರಡು ತುಂಡು ಜಾಸ್ತಿ ಬಿತ್ತು.

ಮಾಲ್-ಜಾ, ಮಾಲ್-ಸುಕ್ ಅನ್ನುವ ಹೆಸರುಗಳ ಜೊತೆಗೆ ಪಿಲ್-ನಾಮ್, ಹು-ನಾಮ್ ಅಂತಲೂ ಇದ್ದವು. ನಾಮ್ ಅಂದರೆ ಗಂಡು. "ಮುಂದಿನದು ಖಂಡಿತ ಗಂಡು", "ಇವಳ ಹಿಂದೆ ಗಂಡು" ಅಂತ ಹುಡುಗಿಯ ಹೆಸರಿನಲ್ಲೇ ಹರಕೆ. ಇಂಥ ಹೆಸರು ನಿಂತುಹೋದ ಮೇಲೂ ಗಂಡಿನ ಆಸೆ ನಿಲ್ಲಲಿಲ್ಲ. 1990ರಲ್ಲಿ ಕೊರಿಯಾದಲ್ಲಿ 100 ಹೆಣ್ಣುಮಕ್ಕಳಿಗೆ 116.5 ಗಂಡುಮಕ್ಕಳು ಹುಟ್ಟಿದರು. ಈಗ ಅದು ಸಹಜ ಪ್ರಮಾಣಕ್ಕೆ ಇಳಿದಿದೆ. ಈ ಅನುಪಾತವನ್ನು ಸರಿಮಾಡಿಕೊಂಡ ದೇಶ ಅದು ಅಂತ ನಾನು ಗೌರವದಿಂದ ಹೇಳುತ್ತೇನೆ.

ಕೆಟ್ಟ ಹೆಸರೆಲ್ಲ ಬೇಡದ ಮಗುವಿಗೇ ಇಟ್ಟದ್ದಲ್ಲ. ಮಗು ಉಳಿಯಲಿ, ದೃಷ್ಟಿ ಬೀಳದಿರಲಿ ಅಂತಲೂ ಇಡುತ್ತಿದ್ದರು. ನಮ್ಮ ತಿಪ್ಪಮ್ಮ, ತಿಪ್ಪೇಶಿ ಇದ್ದಾರಲ್ಲ, ಹಾಗೇ. ಅರಸನಾದ ಗೊಜೊಂಗ್‌ಗೆ ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು ಗೇತೊಂಗ್, ಅಂದರೆ ನಾಯಿಯ ಹೇಲು ಅಂತ ಹೇಳುತ್ತಾರೆ.

ಹಳೇ ಕಾಲದ ಹೆಸರು ಹೊತ್ತು ಕಷ್ಟಪಟ್ಟ ಹೆಂಗಸರಿಗೆ ದಾರಿ ತೆರೆದದ್ದು 2005. ಆ ವರ್ಷ ಕೊರಿಯಾದ ಸುಪ್ರೀಂ ಕೋರ್ಟ್, ತಪ್ಪು ಉದ್ದೇಶ ಇಲ್ಲದಿದ್ದರೆ ಹೆಸರು ಬದಲಾವಣೆಗೆ ಒಪ್ಪಿಗೆ ಕೊಡಬೇಕು ಅನ್ನುವ ತೀರ್ಪು ಕೊಟ್ಟಿತು. ಅದೇ ವರ್ಷ ಕಿಮ್ ಸಾಮ್-ಸುನ್ ಅನ್ನುವ ಹುಡುಗಿಯ ಸೀರಿಯಲ್ ದೇಶವೇ ನೋಡಿತು. ಸಾಮ್ ಅಂದರೆ ಮೂರು. ಮೂರನೇ ಮಗಳು ಆಕೆ. ಹಳ್ಳಿ ಹೆಸರು ಬೇಡ, ಹೀ-ಜಿನ್ ಅಂತ ಬದಲಾಯಿಸಿಕೊಳ್ಳುತ್ತೇನೆ ಅಂತ ಆಕೆ ಹೋರಾಡುತ್ತಾಳೆ. ನಿಮ್ಮ ಮನೆಯ ಹುಡುಗಿ ಸೀರಿಯಲ್‌ಪ್ರಿಯೆ ಅಲ್ವಾ, ಇದನ್ನು ನೋಡಲು ಹೇಳಿ.

ಇನ್ನೊಂದು ಬಗೆಯ ಹೆಸರುಗಳಿವೆ. ನಿಮಗೆ ಬೇಕಾದದ್ದು ಇವೇ ಅಂತ ನನ್ನ ಅನಿಸಿಕೆ. ಹಾಂಜಾದ ಹಂಗಿಲ್ಲದ, ಅಚ್ಚ ಕೊರಿಯನ್ ಪದಗಳ ಹೆಸರು. 1960ರ ದಶಕದ ಕೊನೆಯಲ್ಲಿ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಚೆಂದದ ಅಚ್ಚ ಕೊರಿಯನ್ ಹೆಸರುಗಳಿಗೆ ಸ್ಪರ್ಧೆ ನಡೆಸಲು ಶುರು ಮಾಡಿದರು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಅಂಥ ಹೆಸರುಗಳ ಸುಗ್ಗಿಯೇ ಬಂತು. ಕನ್ನಡದಲ್ಲಿ ಇಂಚರ, ಬೆಳಕು, ಮುಗಿಲು ಅಂತ ಹೆಸರಿಡುವ ಪ್ರೀತಿ ಇದೆಯಲ್ಲ, ಅದೇ ಪ್ರೀತಿ. ಆರುಮ್ ಅಂದರೆ ಚೆಲುವು. ಹಾನುಲ್ ಅಂದರೆ ಬಾನು. ಇಸುಲ್ ಅಂದರೆ ಇಬ್ಬನಿ. ಬ್ಯೊಲ್ ಅಂದರೆ ಚುಕ್ಕಿ. ಬೊರಾಮ್ ಅಂದರೆ ಪಟ್ಟ ಕಷ್ಟಕ್ಕೆ ಸಿಕ್ಕ ಸಾರ್ಥಕತೆ. ಸೇಬ್ಯೊಕ್ ಅಂದರೆ ನಸುಕು. ಸ್ಕ್ವಿಡ್ ಗೇಮ್‌ನ ಉತ್ತರ ಕೊರಿಯಾದ ಆ ಹುಡುಗಿಯ ಹೆಸರು. ಈ ಹೆಸರುಗಳಲ್ಲಿ ಸದ್ದೂ ಅರ್ಥವೂ ಒಟ್ಟಿಗೇ ಇವೆ. ಯಾವ ಅಕ್ಷರ ಅಂತ ಯಾರೂ ಕೇಳುವಂತಿಲ್ಲ. ಶಿವಮೊಗ್ಗಕ್ಕೆ ತಂದರೂ ಅರ್ಥ ದಾರಿಯಲ್ಲಿ ಕಳೆದುಹೋಗುವುದಿಲ್ಲ.

ಈಗಿನ ಕೊರಿಯಾದಲ್ಲಿ ಸೊ-ಯೊನ್, ಸೊ-ಯುನ್, ಹಾ-ಉನ್ ಥರದ ಮೆತ್ತಗಿನ ಸದ್ದಿನ ಹೆಸರು ಜಾಸ್ತಿ. ಹಾ-ಉನ್, ಯೆ-ಉನ್ ಅನ್ನು ಕ್ರೈಸ್ತ ಕುಟುಂಬಗಳು ಇಷ್ಟಪಟ್ಟು ಇಡುತ್ತವೆ. ದೇವರ ಕೃಪೆ, ಯೇಸುವಿನ ಕೃಪೆ ಅನ್ನುವುದರ ಮೊಟಕು ರೂಪ ಅವು.

ಇನ್ನು ನಿಮ್ಮ ಪಟ್ಟಿ.

ಸೊ-ಯೊನ್ 2000ದ ದಶಕದಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿದ್ದ ಹೆಸರು. ಸೊ ಅಂದರೆ ಶುಭ ಅಂತಲೂ ಆಗಬಹುದು, ಬರಹ ಅಂತಲೂ ಆಗಬಹುದು. ಯೊನ್ ಚೆಲುವೂ ಆಗಬಹುದು, ತಾವರೆಯೂ ಆಗಬಹುದು. ನೀವೇ ಅಕ್ಷರ ಆರಿಸಬೇಕು. ಶುಭ ಮತ್ತು ತಾವರೆ ಆರಿಸಿದರೆ ಮುತ್ತಜ್ಜಿಗೆ ಒಪ್ಪಿಸುವುದು ಸುಲಭ. ಜಿ-ಮಿನ್‌ಗೂ ಇದೇ ಮಾತು.

ಯುನಾ ಅಂತ ನೀವು ಬರೆದಿರುವುದು ಬಹುಶಃ ಸ್ಕೇಟಿಂಗ್‌ನ ಕಿಮ್ ಯುನಾ ಅವರನ್ನು ನೋಡಿ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಅವರ ಹೆಸರು ನಿಜವಾಗಿ ಯೊನ್-ಆ. ಚೆಲುವಾದ ಮಗು ಅಂತ ಅರ್ಥ. ಇಂಗ್ಲಿಷ್ ಕಾಗುಣಿತದಲ್ಲಿ ಅದು ಯುನಾ ಆಗಿ ಲೋಕಕ್ಕೆಲ್ಲ ಹಾಗೇ ಗೊತ್ತಾಯಿತು. ಯುನ್-ಆ, ಯು-ನಾ ಅನ್ನುವ ಹೆಸರುಗಳೂ ಇವೆ, ಆದರೆ ಅವು ಬೇರೆ ಹೆಸರು. ಮೂರರಲ್ಲಿ ಯಾವುದು ಬೇಕು ಅಂತ ಮೊದಲು ತೀರ್ಮಾನಿಸಿ.

ಸೋರಾ ಅಂದರೆ ಕಡಲಿನ ಒಂದು ಬಗೆಯ ಶಂಖ. ಆಕಾಶ ಅಂತ ಎಲ್ಲಾದರೂ ಓದಿದ್ದರೆ ಅದು ಜಪಾನೀ ಪದ, ಕೊರಿಯನ್ ಅಲ್ಲ. ಹನಾ ಕೂಡ ಹಾಗೇ. ಜಪಾನಿನಲ್ಲಿ ಹೂವು, ಕೊರಿಯಾದಲ್ಲಿ ಒಂದು. ನನಗೆ ಸೋರಾ ತುಂಬಾ ಇಷ್ಟದ ಹೆಸರು, ಆದರೆ ಕನ್ನಡದ ಮನೆಗೆ ಬೇಡ ಅಂತ ಹೇಳುತ್ತೇನೆ. ಮಳೆಗಾಲದಲ್ಲಿ ಮನೆ ಸೋರುವ ಮಲೆನಾಡಿನಲ್ಲಿ ಶಾಲೆಯ ಮಕ್ಕಳು ಮಗುವನ್ನು ಸುಮ್ನೆ ಬಿಡುವುದಿಲ್ಲ.

ನಾರಿ ಅಂದರೆ ಲಿಲಿ ಹೂವು. ಚಳಿ ಮುಗಿಯುತ್ತಲೇ ಕೊರಿಯಾದ ರಸ್ತೆಬದಿಯಲ್ಲೆಲ್ಲ ಹಳದಿಯಾಗಿ ಅರಳುವ ಗೇನಾರಿ ಹೂವಿನ ಹೆಸರಲ್ಲೂ ಈ ನಾರಿ ಇದೆ. ಕನ್ನಡದಲ್ಲಿ ನಾರಿ ಅಂದರೆ ಹೆಣ್ಣು ಅನ್ನುವುದು ಹೇಳಬೇಕಾಗಿಲ್ಲ. ಎರಡೂ ಭಾಷೆಯಲ್ಲಿ ಒಳ್ಳೆಯ ಅರ್ಥವೇ. ಆದರೂ ಹೆಸರು ಹಿಡಿದು ಕೂಗುವಾಗ ಕನ್ನಡದ ಕಿವಿಗೆ ಅದು ಹೆಸರಿನ ಹಾಗೆ ಕೇಳುತ್ತದಾ ಅಂತ ಮನೆಯಲ್ಲಿ ನಾಲ್ಕು ದಿನ ಕೂಗಿ ನೋಡಿ.

ಸುಲ್ಗಿ ಅಂದರೆ ವಿವೇಕ, ಜಾಣತನ. ಅಚ್ಚ ಕೊರಿಯನ್ ಪದ. ನಿಮ್ಮ ಪಟ್ಟಿಯಲ್ಲಿ ನನ್ನ ಮತ ಇದಕ್ಕೆ. ಪಟ್ಟಿಯಲ್ಲಿಲ್ಲದ ಎರಡನ್ನು ಸೇರಿಸುತ್ತೇನೆ. ಒಂದು ದಾನ್ಬಿ. ದಾನ್ ಅಂದರೆ ಸಿಹಿ, ಬಿ ಅಂದರೆ ಮಳೆ. ಪೈರು ಬಾಯಿಬಿಟ್ಟಾಗ ಹದವಾಗಿ ಬೀಳುವ ಮಳೆಗೆ ಹೀಗನ್ನುತ್ತಾರೆ. ಇನ್ನೊಂದು ಯುರಿ. ಕೊರಿಯನ್‌ನಲ್ಲಿ ಗಾಜಿಗೆ ಯುರಿ ಅನ್ನುತ್ತಾರೆ. ಅದು ಚೀನೀ ಭಾಷೆಯಿಂದ ಬಂತು, ಚೀನಾಕ್ಕೆ ಬೌದ್ಧರ ಮೂಲಕ ನಮ್ಮ "ವೈಡೂರ್ಯ" ಪದದಿಂದ ಹೋಯಿತು. ವೈಡೂರ್ಯ ಪದ ದ್ರಾವಿಡ ಮೂಲದ್ದು, ಬಹುಶಃ ವೇಳೂರು ಅಂದರೆ ನಮ್ಮ ಬೇಲೂರಿನ ಹೆಸರಿನಿಂದ ಹುಟ್ಟಿದ್ದು ಅಂತ ಕೆಲವು ಪದಮೂಲ ತಜ್ಞರು ಊಹಿಸಿದ್ದಾರೆ. ಯುರಿ ಅನ್ನುವ ಹೆಸರನ್ನು ಬೇರೆ ಹಾಂಜಾದಲ್ಲೂ ಬರೆಯುತ್ತಾರೆ, ಆಗ ಅರ್ಥ ಬೇರೆಯಾಗುತ್ತದೆ. ನೀವು ವೈಡೂರ್ಯದ ಯುರಿಯನ್ನೇ ಇಟ್ಟುಕೊಳ್ಳಬಹುದು.

ಉಚ್ಚಾರದ ಬಗ್ಗೆ ಎರಡು ಮಾತು. ಇಂಗ್ಲಿಷ್ ಕಾಗುಣಿತ ನೋಡಿ ಸಿಯುಲ್ಗಿ ಅನ್ನಬೇಡಿ. ಸುಲ್ಗಿಯ ಉಕಾರ, ಜಿ-ಉನ್‌ನ ಉಕಾರ ತುಟಿ ಮುಂದೆ ಚಾಚದೆ ಹೇಳುವ ಸ್ವರ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ತುಳು ಮಾತಾಡುವವರಿಗೆ ಅದು ಗೊತ್ತು. ಹಾಲಿಗೆ ತುಳುವಿನಲ್ಲಿ "ಪೇರ್" ಅನ್ನುತ್ತಾರಲ್ಲ, ಅದರ ಕೊನೆಯಲ್ಲಿ ಕೇಳೀ ಕೇಳದ ಹಾಗೆ ಬರುವ ಸ್ವರ ಇದಕ್ಕೆ ಹತ್ತಿರ. ಪರಿಚಯದ ತುಳುವರಿದ್ದರೆ ಹೇಳಿಸಿ ಕೇಳಿ. ಸೊ, ಯೊನ್‌ನಲ್ಲಿ ಬರುವುದು ಅ ಮತ್ತು ಒ ನಡುವಿನ ಸ್ವರ.

ಸೀರಿಯಲ್‌ನಲ್ಲಿ ಜಿಮಿನಾ ಅಂತ ಕೇಳಿಸಿದರೆ ಅದು ಜಿಮಿನ್‌ನ ಹೆಣ್ಣು ರೂಪ ಅಲ್ಲ. ಸಲಿಗೆಯಿಂದ ಕೂಗುವಾಗ ಹೆಸರಿನ ಕೊನೆಗೆ ಆ ಸೇರುತ್ತದೆ, ಸ್ವರದಿಂದ ಮುಗಿಯುವ ಹೆಸರಿಗೆ ಯಾ ಸೇರುತ್ತದೆ: ಸುಲ್ಗಿಯಾ. ನಾವು "ಬಾರೇ" ಅನ್ನುವಾಗಿನ ಏ ಇದ್ದ ಹಾಗೆ. ಮರ್ಯಾದೆಗೆ ಶ್ಶಿ ಸೇರಿಸುತ್ತಾರೆ. ದೊಡ್ಡವರನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ. ಹುಡುಗಿ ತನ್ನ ಅಕ್ಕನಿಗೆ ಒನ್ನಿ ಅನ್ನುತ್ತಾಳೆ, ಹುಡುಗ ನೂನಾ ಅನ್ನುತ್ತಾನೆ. ಮಗು ಹುಟ್ಟಿದ ಮೇಲೆ ತಾಯಿ "ಇಂಥವರ ಒಮ್ಮಾ" ಆಗುತ್ತಾಳೆ. ನಮ್ಮ ಬೀದಿಯ "ಪುಟ್ಟನ ಅಮ್ಮ" ಥರವೇ. ಮದುವೆಯಾದರೂ ಹೆಂಗಸರ ಮನೆತನದ ಹೆಸರು ಮಾತ್ರ ಬದಲಾಗುವುದಿಲ್ಲ. ಕಿಮ್ ಆಗಿ ಹುಟ್ಟಿದವರು ಕೊನೆತನಕ ಕಿಮ್.

ಹೆಸರು ನೋಂದಾಯಿಸುವಾಗ ಒಂದು ಎಚ್ಚರಿಕೆ. ಸೊ-ಯೊನ್, ಜಿ-ಮಿನ್ ಥರದವು ಎರಡು ಹೆಸರಲ್ಲ, ಎರಡು ಉಚ್ಚಾರದ ಒಂದೇ ಹೆಸರು. ಫಾರಂನಲ್ಲಿ ಬಿಡಿಸಿ ಬರೆದರೆ ಮುಂದೆ ಶಾಲೆಯಲ್ಲಿ, ಪಾಸ್‌ಪೋರ್ಟ್‌ನಲ್ಲಿ ಅರ್ಧ ಹೆಸರು ಮನೆತನದ ಹೆಸರಾಗಿ ಕೂತುಬಿಡುತ್ತದೆ. ಸೊಯೊನ್, ಜಿಮಿನ್ ಅಂತ ಕೂಡಿಸಿಯೇ ಬರೆಯಿಸಿ. ಹಾಂಜಾ ಇರುವ ಹೆಸರನ್ನೇ ಒಪ್ಪಿಕೊಂಡರೆ, ಯಾವ ಅರ್ಥ ಬೇಕು ಅಂತ ಮನೆಯವರೆಲ್ಲ ಕೂತು ಆರಿಸಿ. ಆಮೇಲೆ ಕೊರಿಯನ್ ಬಲ್ಲ ಒಬ್ಬರಿಂದ ಆ ಎರಡು ಅಕ್ಷರವನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆಸಿ, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದು, ಜನನ ಪ್ರಮಾಣಪತ್ರದ ಜೊತೆಗೇ ಇಡಿ. ಅರ್ಥದ ಸಾಲನ್ನು ಮುತ್ತಜ್ಜಿಯ ಕೈಯಿಂದಲೇ ಬರೆಸಿದರೆ ಇನ್ನೂ ಒಳ್ಳೇದು.